ಜೀರಿಗೆ ಹಾಕುವ ಹೊತ್ತು

ಅಡುಗೆ ಬರಹಗಳಲ್ಲಿ ಜೀರಿಗೆಯ ಅಳತೆ ತಪ್ಪದೆ ಇರುತ್ತದೆ. ಅರ್ಧ ಚಮಚ, ಒಂದು ಚಮಚ, ಒಂದು ಚಿಟಿಕೆ. ಯಾವಾಗ ಹಾಕಬೇಕು ಅನ್ನುವುದನ್ನೂ ಬರೆದಿರುತ್ತಾರೆ, ಆದರೆ ಆಗಲೇ ಯಾಕೆ ಅಂತ ಯಾರೂ ಹೇಳುವುದಿಲ್ಲ. ಬೇರೆ ಬೇರೆ ದೇಶಗಳ ಅಡುಗೆ ಮಾಡಿ ನೋಡುವ ಹುಚ್ಚು ಹತ್ತಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಜೀರಿಗೆಯ ವಿಷಯದಲ್ಲಿ ಅಳತೆಗಿಂತ ಹೊತ್ತು ದೊಡ್ಡದು. ಒಂದೇ ಡಬ್ಬಿಯಿಂದ ತೆಗೆದ ಜೀರಿಗೆ ಕಾದ ಎಣ್ಣೆಗೆ ಬಿದ್ದರೆ ಒಂದು ರುಚಿ. ಕುದಿಯುವ ಸಾರಿಗೆ ಬಿದ್ದರೆ ಇನ್ನೊಂದು. ಬಡಿಸಿದ ತಟ್ಟೆಯ ಮೇಲೆ ಹಸಿಯಾಗಿ ಉದುರಿದರೆ ಮತ್ತೊಂದು. ಈ ಮೂರನ್ನೂ ಕಣ್ಣು ಮುಚ್ಚಿ ತಿಂದವರಿಗೆ ಎಲ್ಲವೂ ಒಂದೇ ಮಸಾಲೆ ಅಂದರೆ ನಂಬುವುದು ಕಷ್ಟ.

ಕಾರಣ ಕಾಳಿನಲ್ಲೇ ಇದೆ. ನಾವು ಕಾಳು ಅನ್ನುತ್ತೇವೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಒಣಗಿದ ಪುಟ್ಟ ಕಾಯಿ. ಕೊತ್ತಂಬರಿ, ಸೋಂಪು, ಓಮ, ಸಬ್ಬಸಿಗೆ, ಕ್ಯಾರೆಟ್ ಎಲ್ಲವೂ ಇದರ ನೆಂಟರು. ಗೆರೆ ಗೆರೆಯಾಗಿರುವ ಆ ಸಿಪ್ಪೆಯೊಳಗೆ ಎಣ್ಣೆ ತುಂಬಿದ ಸಣ್ಣ ನಾಳಗಳಿವೆ. ಈ ಎಣ್ಣೆ ಕಾಳಿನ ತೂಕದಲ್ಲಿ ಸುಮಾರು ಶೇಕಡಾ 2ರಿಂದ 5ರಷ್ಟು ಮಾತ್ರ. ಪರಿಮಳವೆಲ್ಲ ಅಲ್ಲೇ. ಅದರಲ್ಲಿ ಮುಖ್ಯವಾದದ್ದು ಕ್ಯುಮಿನಾಲ್ಡಿಹೈಡ್. ಇದು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಜೊತೆಗೆ ಬೇಗ ಹಾರಿಹೋಗುವ ಹಗುರವಾದ ಪರಿಮಳಗಳೂ ಇವೆ. ಹಸಿ ಜೀರಿಗೆ ಜಜ್ಜಿದಾಗ ಮೂಗಿಗೆ ಬಡಿಯುವ ಪೈನ್ ಮರದಂಥ ವಾಸನೆ ಅವುಗಳದ್ದು. ಬಿಸಿ ತಾಗಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಹಗುರವಾದವು ಹಾರುತ್ತವೆ. ಹುರಿಯುತ್ತಾ ಹೋದಂತೆ ಪೈರಜೀನ್ ಅನ್ನುವ ಹೊಸ ಪರಿಮಳಗಳು ಹುಟ್ಟುತ್ತವೆ. ಹುರಿದ ಕಡಲೆಕಾಯಿ, ಕಾಫಿ ಬೀಜ, ಬ್ರೆಡ್ಡಿನ ಕಂದು ಅಂಚು, ಇವುಗಳ ಘಮದಲ್ಲೂ ಇರುವುದು ಇದೇ ಗುಂಪು. ಹಾಗಾಗಿ ಹಸಿ ಜೀರಿಗೆ ಮತ್ತು ಹುರಿದ ಜೀರಿಗೆಯನ್ನು ನಾನು ಎರಡು ಬೇರೆ ಮಸಾಲೆಗಳೆಂದೇ ಎಣಿಸುತ್ತೇನೆ.

ಒಗ್ಗರಣೆಯ ಜೀರಿಗೆ ಎಲ್ಲರಿಗೂ ಗೊತ್ತಿರುವುದರಿಂದ ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಣ್ಣೆ ಕಾಯಬೇಕು, ಕಾಳು ಬಿದ್ದ ಕೂಡಲೇ ಚಿಟಪಟ ಅನ್ನಬೇಕು, ಬಣ್ಣ ಒಂದು ಛಾಯೆ ಏರಿದ ತಕ್ಷಣ ಮುಂದಿನದು ಬೀಳಬೇಕು. ನಡುವೆ ಸಿಗುವುದು ಕೆಲವೇ ಸೆಕೆಂಡು. ಪರಿಮಳ ಎಣ್ಣೆಗೆ ಇಳಿಯುತ್ತದೆ, ಎಣ್ಣೆ ಅದನ್ನು ಪಾತ್ರೆಯ ತುಂಬ ಹರಡುತ್ತದೆ. ಪುಡಿಯಿಂದ ಈ ಕೆಲಸ ಆಗುವುದಿಲ್ಲ. ಕಾದ ಎಣ್ಣೆಯಲ್ಲಿ ಪುಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಕರಟುತ್ತದೆ. ಪುಡಿ ಹಾಕುವುದಾದರೆ ಪಾತ್ರೆಯಲ್ಲಿ ಈರುಳ್ಳಿಯದೋ ಟೊಮೇಟೋದ್ದೋ ಸ್ವಲ್ಪ ಪಸೆ ಇರಬೇಕು.

ಇದಕ್ಕೆ ಹೋಲಿಸಿದರೆ ಉಜ್ಬೇಕಿಸ್ತಾನದ ಪಲಾವಾದ ಪ್ಲೋವ್ ಮಾಡುವವರಿಗೆ ಯಾವ ಅವಸರವೂ ಇಲ್ಲ. ದೊಡ್ಡ ಕಡಾಯಿಯಲ್ಲಿ ಕೊಬ್ಬು ಕಾಯಿಸುತ್ತಾರೆ. ಈರುಳ್ಳಿ, ಕುರಿ ಮಾಂಸ, ಕಡ್ಡಿ ಕಡ್ಡಿಯಾಗಿ ಹೆಚ್ಚಿದ ರಾಶಿ ಕ್ಯಾರೆಟ್ ಬಾಡಿಸುತ್ತಾರೆ. ಇಷ್ಟೆಲ್ಲ ಹುರಿಯುವಾಗಲೂ ಜೀರಿಗೆಯ ಸುದ್ದಿಯಿಲ್ಲ. ನೀರು ಹಾಕಿದ ಮೇಲೆ, ಅಂದರೆ ಅವರು ಜಿರ್ವಾಕ್ ಅನ್ನುವ ಆ ಸಾರು ನಿಧಾನಕ್ಕೆ ಕುದಿಯುವಾಗ, ಕಾಳನ್ನು ಅಂಗೈಗಳ ನಡುವೆ ಉಜ್ಜಿ ಮೇಲೆ ಉದುರಿಸುತ್ತಾರೆ. ಉಜ್ಜಿದರೆ ಕಾಳು ಪುಡಿಯಾಗುವುದಿಲ್ಲ, ನಾಳಗಳು ಒಡೆಯುವಷ್ಟು ಬಿರಿಯುತ್ತವೆ. ಮೇಲೆ ತೇಲುವ ಕೊಬ್ಬು ಆ ಪರಿಮಳವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅಕ್ಕಿ ಬೀಳುತ್ತದೆ, ಅದೇ ಹಬೆಯಲ್ಲಿ ಬೇಯುತ್ತದೆ. ಹುರಿದ ಜೀರಿಗೆಯ ಗಾಢ ಘಮ ಇದರಲ್ಲಿ ಇರುವುದಿಲ್ಲ. ಸಿಹಿ ಕ್ಯಾರೆಟ್ಟಿನ ಜೊತೆ ಸೇರಿಕೊಂಡ ಮೆತ್ತಗಿನ ಪರಿಮಳ ಬರುತ್ತದೆ. ನನಗೆ ಕೇಳಿದರೆ ಅನ್ನದ ಜೊತೆ ಜೀರಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಜೀರಾ ರೈಸ್ ಪ್ರಿಯರು ಕ್ಷಮಿಸಬೇಕು.

ಹೊತ್ತಿನ ಮಾತು ಸರಿಯಾಗಿ ಅರ್ಥವಾಗಬೇಕಾದರೆ ಎರಡು ಕಡೆಯ ಸುಟ್ಟ ಮಾಂಸವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಚೀನಾದ ಪಶ್ಚಿಮ ತುದಿಯ ಶಿನ್‌ಜಿಯಾಂಗ್‌ನದು, ಉಯ್ಗುರ್ ಜನರ ಕುರಿ ಕಬಾಬು. ಇನ್ನೊಂದು ಪೆರು ದೇಶದ ಆಂಟಿಕುಚೊ, ದನದ ಹೃದಯದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಸುಡುವುದು. ಎರಡಕ್ಕೂ ಇದ್ದಿಲ ಕೆಂಡ. ಎರಡಕ್ಕೂ ಮೆಣಸಿನಕಾಯಿ. ಎರಡಕ್ಕೂ ಜೀರಿಗೆ. ಕಾಗದದ ಮೇಲೆ ಓದಿದರೆ ಅಣ್ಣತಮ್ಮಂದಿರು ಅನ್ನಬೇಕು.

ತಿಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಪೆರುವಿನಲ್ಲಿ ಜೀರಿಗೆ ಪುಡಿ ಬೆಂಕಿಗಿಂತ ಮುಂಚೆಯೇ ಬೀಳುತ್ತದೆ. ವಿನೆಗರ್, ಬೆಳ್ಳುಳ್ಳಿ, ಅಹಿ ಪಾಂಕಾ ಅನ್ನುವ ಕೆಂಪು ಮೆಣಸಿನಕಾಯಿಯ ಅರಪು, ಜೀರಿಗೆ ಎಲ್ಲ ಕಲಸಿ ಮಾಂಸವನ್ನು ಗಂಟೆಗಟ್ಟಲೆ ನೆನೆಸುತ್ತಾರೆ. ಹುಳಿಯೂ ಬೆಳ್ಳುಳ್ಳಿಯೂ ಸೇರಿ ಜೀರಿಗೆಯ ಮೊನೆ ಮುರಿದುಹೋಗಿರುತ್ತದೆ. ತಿನ್ನುವಾಗ ಇದರಲ್ಲಿ ಜೀರಿಗೆ ಇದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ತೆಗೆದುಬಿಟ್ಟರೆ ಮಾತ್ರ ಏನೋ ಇಲ್ಲ ಅಂತ ಗೊತ್ತಾಗುತ್ತದೆ. ಉಯ್ಗುರರ ಕಡ್ಡಿಯ ಮೇಲೆ ಹಾಗಲ್ಲ. ಮಾಂಸದ ತುಂಡುಗಳ ನಡುವೆ ಕೊಬ್ಬಿನ ತುಂಡು ಚುಚ್ಚಿರುತ್ತಾರೆ. ಕೆಂಡದ ಮೇಲೆ ಅದು ಕರಗಿ ಮಾಂಸದ ಮೈಯೆಲ್ಲ ಹೊಳೆಯತೊಡಗಿದಾಗ ತರಿ ತರಿ ಜೀರಿಗೆ, ಮೆಣಸಿನ ಪುಡಿ, ಉಪ್ಪು ಮೇಲಿನಿಂದ ಉದುರುತ್ತದೆ. ಕೊಬ್ಬಿಗೆ ಅಂಟಿಕೊಂಡ ಜೀರಿಗೆ ಮಾಂಸದ ಮೇಲೆಯೇ ಹುರಿಯುತ್ತದೆ. ಕೆಳಗೆ ಬಿದ್ದದ್ದು ಕೆಂಡ ಮುಟ್ಟಿ ಹೊಗೆಯಾಗಿ ಮತ್ತೆ ಮೇಲಕ್ಕೇ ಬರುತ್ತದೆ. ಹಲ್ಲಿಗೆ ಸಿಗುವ ತರಿ, ಒಂದು ಕಡೆ ಹುರಿದ ರುಚಿ, ಇನ್ನೊಂದು ಕಡೆ ಇನ್ನೂ ಹಸಿಯಾಗಿಯೇ ಉಳಿದ ಘಾಟು, ಎಲ್ಲ ಒಂದೇ ತುತ್ತಿನಲ್ಲಿ.

ಇದ್ದಿಲು ಇಲ್ಲದೆಯೂ ಇದನ್ನು ಮಾಡಬಹುದು. ದಪ್ಪ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು, ಅಷ್ಟೆ. ಮಾಂಸ ತಿನ್ನದವರು ಅಣಬೆ, ಹೂಕೋಸು, ಬೇಯಿಸಿದ ಆಲೂಗಡ್ಡೆ ಯಾವುದಾದರೂ ತೆಗೆದುಕೊಳ್ಳಿ. ಅಂಚು ಕಂದಾಗುವ ತನಕ ಎಣ್ಣೆಯಲ್ಲಿ ಹುರಿಯಿರಿ. ತರಿಯಾಗಿ ಜಜ್ಜಿದ ಜೀರಿಗೆ ಮತ್ತು ಒಣಮೆಣಸಿನ ಚೂರನ್ನು ಕೊನೆಯ ಅರ್ಧ ನಿಮಿಷದಲ್ಲಿ ಮಾತ್ರ ಹಾಕಿ, ಕೈಯಾಡಿಸಿ ಇಳಿಸಿಬಿಡಿ. ಮೊದಲೇ ಹಾಕಬೇಡಿ. ಮೊದಲೇ ಹಾಕಿದರೆ ಅದು ಸಾಧಾರಣ ಪಲ್ಯವಾಗುತ್ತದೆ.

ಕುರಿ ಮಾಂಸಕ್ಕೂ ಜೀರಿಗೆಗೂ ಇರುವ ಸ್ನೇಹ ಮಧ್ಯ ಏಷ್ಯಾದಿಂದ ಮೊರಾಕೊ ತನಕ ಕಾಣುತ್ತದೆ. ಕುರಿಯ ಆ ವಿಶಿಷ್ಟ ವಾಸನೆಗೆ ಕಾರಣ ಅದರ ಕೊಬ್ಬಿನಲ್ಲಿರುವ ಕೆಲವು ಕವಲೊಡೆದ ಕೊಬ್ಬಿನ ಆಮ್ಲಗಳು. ಜೀರಿಗೆಯ ಪರಿಮಳವೂ ಹೋಗಿ ಸೇರುವುದು ಅದೇ ಕೊಬ್ಬಿಗೆ. ಜೀರಿಗೆ ಆ ವಾಸನೆಯನ್ನು ಮುಚ್ಚಿಹಾಕುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮುಚ್ಚುವುದಕ್ಕಿಂತ ಅದರ ಜೊತೆ ಕೂಡಿಕೊಳ್ಳುತ್ತದೆ. ಎರಡೂ ಒಂದೇ ಮಟ್ಟದ ಗಡಸು ದನಿಗಳು. ಮೀನಿಗೆ ಇಷ್ಟೇ ಜೀರಿಗೆ ಹಾಕಿ ನೋಡಿ, ಮೀನು ಎಲ್ಲಿ ಹೋಯಿತು ಅಂತ ಹುಡುಕಬೇಕು. ಮೊರಾಕೊದವರು ಮೀನಿಗೆ ಹಚ್ಚುವ ಶರ್ಮುಲಾದಲ್ಲಿ ಜೀರಿಗೆ ಇದ್ದೇ ಇದೆ, ಆದರೆ ಅದನ್ನು ಹದ್ದುಬಸ್ತಿನಲ್ಲಿಡಲು ರಾಶಿ ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ನಿಂಬೆ ಕಾವಲಿರುತ್ತವೆ.

ಮೊರಾಕೊದವರಿಂದ ನಾನು ಕಲಿತದ್ದು ಬೇರೆಯೇ. ಅಲ್ಲಿ ಜೀರಿಗೆ ಒಲೆಯ ಪಕ್ಕದಿಂದ ಎದ್ದು ಊಟದ ಮೇಜಿಗೇ ಬಂದುಬಿಟ್ಟಿದೆ. ಬೇರೆ ಕಡೆ ಉಪ್ಪು ಮತ್ತು ಕರಿಮೆಣಸು ಇಡುವ ಹಾಗೆ ಅಲ್ಲಿ ಉಪ್ಪು ಮತ್ತು ಜೀರಿಗೆ ಪುಡಿ ಇಡುತ್ತಾರೆ. ಇಡೀ ಕುರಿಯನ್ನು ನಿಧಾನವಾಗಿ ಸುಡುವ ಮೆಶ್ವಿಯನ್ನು ಈ ಪುಡಿಗೆ ಅದ್ದಿ ತಿನ್ನುತ್ತಾರೆ. ಬೀದಿಯಲ್ಲಿ ಮಾರುವ ಬೇಯಿಸಿದ ಮೊಟ್ಟೆಗೂ ಅದೇ. ಬಿಸಾರಾ ಅನ್ನುವ ಒಣ ಫಾವಾ ಕಾಳಿನ ಗಟ್ಟಿ ಸೂಪಿನ ಮೇಲೆ ಆಲಿವ್ ಎಣ್ಣೆ ಸುರಿದು ಒಂದು ಚಿಟಿಕೆ ಜೀರಿಗೆ ಉದುರಿಸುತ್ತಾರೆ. ಬಿಸಿ ಸೂಪು ಕೆಳಗಿನಿಂದ ಪರಿಮಳವನ್ನು ಎಬ್ಬಿಸುತ್ತದೆ. ಬಟ್ಟಲು ಬಾಯಿಗೆ ಬರುವ ಮುಂಚೆಯೇ ಮೂಗಿಗೆ ಅರ್ಧ ಊಟ ಆಗಿರುತ್ತದೆ.

ಹಸಿ ಜೀರಿಗೆ ಪುಡಿ ಕಹಿ ಅಲ್ವಾ ಅಂತ ನೀವು ಕೇಳಬಹುದು. ಹಳೆಯ ಪುಡಿಯಾದರೆ ಹೌದು. ಪುಡಿ ಮಾಡಿದ ಮೇಲೆ ಪರಿಮಳ ದಿನದಿನಕ್ಕೂ ಹಾರುತ್ತದೆ, ಉಳಿಯುವುದು ಕಹಿ ಮತ್ತು ದೂಳಿನ ರುಚಿ. ಒಲೆಯ ಮೇಲೆ ಬೇರೆ ಮಸಾಲೆಗಳ ನಡುವೆ ಹಳೆಯ ಪುಡಿ ಹೇಗೋ ನಡೆದುಹೋಗುತ್ತದೆ. ತಟ್ಟೆಯ ಮೇಲೆ ನಡೆಯುವುದಿಲ್ಲ. ಇದಕ್ಕಾಗಿಯೇ ನಾನು ಒಂದು ಸಣ್ಣ ಕಲ್ಲಿನ ಕುಟ್ಟಾಣಿಯನ್ನು ಮೇಜಿನ ಮೇಲೇ ಇಟ್ಟಿದ್ದೇನೆ. ಕಾಳಿನ ಜೊತೆ ಹರಳುಪ್ಪು ಸೇರಿಸಿ ಕುಟ್ಟಿದರೆ ಉಪ್ಪಿನ ಹರಳೇ ಸಿಪ್ಪೆಯನ್ನು ಅರೆದುಕೊಡುತ್ತದೆ. ಮಿಕ್ಸಿ ಬೇಡ. ಅಷ್ಟು ಸ್ವಲ್ಪಕ್ಕೆ ಅದರ ಅಲಗು ತಾಗುವುದೂ ಇಲ್ಲ.

ಬೇಳೆಕಾಳುಗಳ ವಿಷಯ ವಿಚಿತ್ರ. ದೂರ ದೂರದ ಅಡುಗೆಮನೆಗಳು ಕಾಳಿಗೆ ಜೀರಿಗೆ ಬೇಕೇ ಬೇಕು ಅಂತ ತೀರ್ಮಾನಿಸಿವೆ. ಈಜಿಪ್ಟಿನ ಫುಲ್ ಮೆದಾಮಿಸ್ ಅನ್ನುವ ಬೇಯಿಸಿದ ಫಾವಾ ಕಾಳು, ಲೆಬನಾನಿನ ಫಲಾಫೆಲ್, ಸ್ಪೇನಿನ ಸೆವಿಲ್‌ನ ಪಾಲಕ್ ಮತ್ತು ಕಾಬೂಲಿ ಕಡಲೆ, ಕ್ಯೂಬಾದ ಕಪ್ಪು ಬೀನ್ಸ್, ಉತ್ತರ ಭಾರತದ ದಾಲ್. ಹೊಟ್ಟೆ ಉಬ್ಬರಕ್ಕೆ ಒಳ್ಳೆಯದು ಅನ್ನುವ ನಂಬಿಕೆ ಒಂದು ಕಾರಣ ಇರಬೇಕು. ನನಗೆ ಅದಕ್ಕಿಂತ ರುಚಿಯ ಕಾರಣ ದೊಡ್ಡದಾಗಿ ಕಾಣುತ್ತದೆ. ಬೆಂದ ಕಾಳು ಮೆತ್ತಗೆ, ಸಪ್ಪೆ, ಸ್ವಲ್ಪ ಮಣ್ಣಿನ ವಾಸನೆ. ಅದಕ್ಕೆ ಬರೀ ಖಾರ ಹಾಕಿದರೆ ಖಾರ ಮೇಲೆ ಮೇಲೆಯೇ ನಿಲ್ಲುತ್ತದೆ. ಜೀರಿಗೆ ಆ ಮಣ್ಣಿನ ವಾಸನೆಗೇ ಕೈ ಕೊಟ್ಟು ಅದನ್ನು ಮೇಲೆತ್ತುತ್ತದೆ.

ಬೀಟ್‌ರೂಟಿಗೂ ಇದೇ ಮಾತು. ಬಾಬಿಲೋನಿಯಾದ ಜೇಡಿಮಣ್ಣಿನ ಫಲಕಗಳಲ್ಲಿ ಉಳಿದಿರುವ, ಸುಮಾರು 3,700 ವರ್ಷ ಹಳೆಯ ಅಡುಗೆ ವಿಧಾನಗಳಲ್ಲಿ ತುಹು ಅನ್ನುವ ಒಂದು ಸಾರಿದೆ. ಫಲಕಗಳು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿವೆ. ಕುರಿ ತೊಡೆಯ ಮಾಂಸ, ಕೊಬ್ಬು, ಬಿಯರ್, ಈರುಳ್ಳಿ, ಜೀರಿಗೆ, ಬೀಟ್‌ರೂಟ್, ಆಮೇಲೆ ಜಜ್ಜಿದ ಬೆಳ್ಳುಳ್ಳಿ. ಇದರಲ್ಲೂ ಮೊದಲು ಕೊಬ್ಬಿನಲ್ಲಿ ಮಾಂಸ ಬಾಡುತ್ತದೆ, ಜೀರಿಗೆ ಆಮೇಲೆ ಬೀಳುತ್ತದೆ. ಪ್ಲೋವ್ ಮಾಡುವವರ ಕ್ರಮಕ್ಕೆ ಎಷ್ಟು ಹತ್ತಿರ ನೋಡಿ. ರೋಮನ್ನರು ಮಾತ್ರ ಜೀರಿಗೆಯನ್ನು ಸಮುದ್ರದ ಕಡೆಗೆ ಎಳೆದರು. ಅಪಿಕಿಯಸ್ ಹೆಸರಿನಲ್ಲಿ ಉಳಿದಿರುವ ಅಡುಗೆ ಸಂಗ್ರಹದಲ್ಲಿ ಸಿಂಪಿ, ಚಿಪ್ಪುಮೀನುಗಳಿಗೆಂದೇ ಒಂದು ಜೀರಿಗೆ ಗೊಜ್ಜು ಇದೆ. ಕರಿಮೆಣಸು, ಪುದೀನ, ಜೇನು, ವಿನೆಗರ್, ಮೀನಿನ ಹುದುಗು ರಸ, ಜೊತೆಗೆ ಧಾರಾಳವಾಗಿ ಜೀರಿಗೆ. ನಾನು ಇದನ್ನು ಮಾಡಲು ಹೋಗಿಲ್ಲ, ಮಾಡುವ ಆಸೆಯೂ ಇಲ್ಲ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನಿನ ಬಾಡಿಗೆಯನ್ನು ಜೀರಿಗೆಯಲ್ಲಿ ಕಟ್ಟುವ ಕರಾರುಗಳೂ ಇದ್ದವು. ಅಷ್ಟು ಬೇಕಾಗಿದ್ದ ಮಸಾಲೆ ಆಮೇಲೆ ಯುರೋಪಿನ ಬಹುಪಾಲು ಅಡುಗೆಯಿಂದ ಮೆಲ್ಲಗೆ ಜಾರಿಹೋಯಿತು. ಗಟ್ಟಿಯಾಗಿ ಉಳಿದುಕೊಂಡ ಒಂದು ಜಾಗ ನೆದರ್‌ಲ್ಯಾಂಡ್ಸಿನ ಲೈಡನ್ ಸುತ್ತಮುತ್ತಲಿನ ಚೀಸ್. ಅಲ್ಲಿನ ರೈತರು ಕೆನೆಯನ್ನು ಬೆಣ್ಣೆಗೆ ತೆಗೆದು, ಉಳಿದ ಹಾಲಿನಿಂದ ಗಟ್ಟಿಯಾದ ಒಣ ಚೀಸ್ ಮಾಡುತ್ತಿದ್ದರು. ಕೊಬ್ಬು ಕಮ್ಮಿಯಾದ್ದರಿಂದ ರುಚಿಯೂ ಕಮ್ಮಿ. ಅದಕ್ಕೆ ಇಡೀ ಜೀರಿಗೆ ಕಾಳನ್ನೇ ಸೇರಿಸಿದರು. ಇಲ್ಲಿ ಬೆಂಕಿಯೇ ಇಲ್ಲ. ತಿಂಗಳುಗಟ್ಟಲೆ ಚೀಸ್ ಹಣ್ಣಾಗುತ್ತದೆ, ಒಳಗಿನ ಕಾಳು ಮೆತ್ತಗಾಗುತ್ತದೆ, ಪರಿಮಳ ನಿಧಾನಕ್ಕೆ ಸುತ್ತ ಇಳಿಯುತ್ತದೆ. ಬೆಂಕಿ ಕ್ಷಣದಲ್ಲಿ ಮಾಡುವುದನ್ನು ಕಾಲ ಮಾಡಿಕೊಡುತ್ತದೆ ಅನ್ನಬಹುದೇ? ಇಲ್ಲ. ಹುರಿದ ಘಮ ಎಷ್ಟು ತಿಂಗಳಾದರೂ ಬರುವುದಿಲ್ಲ. ಇದು ಬೇರೆಯೇ ರುಚಿ, ತಣ್ಣಗೆ, ಸ್ವಲ್ಪ ಸೋಂಪಿನ ಕಡೆಗೆ ವಾಲಿದ್ದು.

ಅಮೆರಿಕ ಖಂಡಕ್ಕೆ ಜೀರಿಗೆ ಹೋದದ್ದು ಸ್ಪೇನಿನವರ ಜೊತೆ. ಈಗ ಮೆಕ್ಸಿಕನ್ ಅಡುಗೆ ಅಂದರೆ ಜೀರಿಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಮೆಕ್ಸಿಕೋದ ಒಳನಾಡಿನ ಅಡುಗೆಯಲ್ಲಿ ಅದರ ಕೈ ತುಂಬ ಹಗುರ, ಮೋಲೆ ಅನ್ನುವ ಅಲ್ಲಿನ ಮಸಾಲೆ ಗೊಜ್ಜಿನ ಒಂದು ಪಾತ್ರೆಗೆ ಕೆಲವೇ ಕಾಳು ಬೀಳಬಹುದು. ಜೀರಿಗೆಯನ್ನು ಚಮಚ ಚಮಚ ಸುರಿದದ್ದು ಗಡಿಯಾಚೆಯ ಟೆಕ್ಸಾಸ್. 1731ರಲ್ಲಿ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಿಂದ ಬಂದ ಕುಟುಂಬಗಳು ಸ್ಯಾನ್ ಆಂಟೋನಿಯೋದಲ್ಲಿ ನೆಲೆಸಿದವು. ಆ ಊರಿನ ಚಿಲಿ ಕಾನ್ ಕಾರ್ನೆ ಅನ್ನುವ ಮೆಣಸಿನಕಾಯಿ, ಮಾಂಸದ ಸಾರಿಗೆ ಜೀರಿಗೆಯ ಚಟ ಹತ್ತಿಸಿದ್ದು ಅವರೇ ಅನ್ನುವ ಮಾತಿದೆ. ಕ್ಯಾನರಿಯವರ ಮೋಹೊ ಅನ್ನುವ ಚಟ್ನಿಯನ್ನು ಮಾಡಿ ನೋಡಿದರೆ ಆ ಮಾತು ನಂಬಬೇಕು ಅನ್ನಿಸುತ್ತದೆ. ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಹಸಿ ಜೀರಿಗೆ, ವಿನೆಗರ್, ಎಣ್ಣೆ, ಎಲ್ಲ ಕುಟ್ಟಿ ಕಲಸಿದ್ದು. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಬೇಯಿಸಿದ ಸಣ್ಣ ಆಲೂಗಡ್ಡೆಯ ಜೊತೆ ಅದನ್ನು ತಿನ್ನುತ್ತಾರೆ.

ಟೆಕ್ಸಾಸಿನ ಚಿಲಿಯಲ್ಲಿ ಜೀರಿಗೆಯನ್ನು ಸಾಮಾನ್ಯವಾಗಿ ಪುಡಿಯಾಗಿ ನಡುವೆ ಹಾಕುತ್ತಾರೆ. ಮಾಂಸ ಕಂದಾದ ಮೇಲೆ, ನೀರು ಬೀಳುವ ಮುಂಚೆ. ಆಮೇಲೆ ಗಂಟೆಗಟ್ಟಲೆ ಕುದಿ. 1890ರ ದಶಕದಲ್ಲಿ ವಿಲಿಯಂ ಗೆಬ್‌ಹಾರ್ಟ್ ಅನ್ನುವವರು ಅಲ್ಲಿ ಚಿಲಿ ಪೌಡರ್ ಮಾಡಿ ಬಾಟಲಿಯಲ್ಲಿ ಮಾರತೊಡಗಿದರು. ಮೆಣಸಿನಕಾಯಿ, ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಒಂದೇ ಪುಡಿಯಲ್ಲಿ ಬೆರೆತಾಗ ಜೀರಿಗೆ ಹಾಕುವ ಹೊತ್ತನ್ನು ಆರಿಸುವ ಅವಕಾಶವೂ ಹೋಯಿತು. ಸಿದ್ಧ ಮಸಾಲೆ ಪುಡಿಗಳ ಮೇಲೆ ನನ್ನ ತಕರಾರು ಇದೇ. ಅಳತೆ ಸರಿಯಾಗಿಯೇ ಇರುತ್ತದೆ. ಆದರೆ ಮೊದಲು ಬೀಳಬೇಕಾದದ್ದು, ನಡುವೆ ಬೀಳಬೇಕಾದದ್ದು, ಕೊನೆಗೆ ಬೀಳಬೇಕಾದದ್ದು ಎಲ್ಲ ಒಟ್ಟಿಗೇ ಬೀಳುತ್ತವೆ.

ಜೀರಿಗೆ ಅಂದರೆ ಬೆವರಿನ ವಾಸನೆ ಅನ್ನುವವರೂ ಇದ್ದಾರೆ. ಅವರನ್ನು ಗೇಲಿ ಮಾಡಬೇಡಿ. ಸುಗಂಧ ದ್ರವ್ಯ ಮಾಡುವವರು ಮನುಷ್ಯನ ಮೈಯ ಬಿಸಿ ವಾಸನೆ ಬೇಕಾದಾಗ ಜೀರಿಗೆ ಎಣ್ಣೆಯನ್ನು ಬೇಕೆಂದೇ ಸೇರಿಸುತ್ತಾರೆ. ಇಂಥವರಿಗೆ ಬಡಿಸುವಾಗ ಕಾಳನ್ನು ಒಣ ಬಾಣಲೆಯಲ್ಲಿ ಹುರಿದು, ಆರಿಸಿ, ಪುಡಿ ಮಾಡಿ ಹಾಕುವುದು ಒಳ್ಳೆಯದು. ಹುರಿದ ಘಮ ಮುಂದೆ ಬಂದು ಆ ವಾಸನೆ ಹಿಂದೆ ಸರಿಯುತ್ತದೆ. ಉತ್ತರ ಭಾರತದ ಚಾಟ್ ಮತ್ತು ರಾಯ್ತಾದ ಮೇಲೆ ಉದುರುವುದು ಇದೇ. ಈಜಿಪ್ಟಿನ ದುಕ್ಕಾದಲ್ಲೂ ಹುರಿದ ಜೀರಿಗೆ, ಕೊತ್ತಂಬರಿ, ಎಳ್ಳು, ಹೇಝಲ್‌ನಟ್ ತರಿಯಾಗಿ ಜಜ್ಜಿರುತ್ತವೆ. ಬ್ರೆಡ್ಡನ್ನು ಮೊದಲು ಆಲಿವ್ ಎಣ್ಣೆಗೆ, ಆಮೇಲೆ ಇದಕ್ಕೆ ಅದ್ದಬೇಕು. ಮೊದಲು ಹುರಿದು ಕೊನೆಗೆ ಹಾಕುವ ಈ ದಾರಿ ಎರಡು ಹೊತ್ತುಗಳ ಲಾಭವನ್ನೂ ಕೊಡುತ್ತದೆ.

ಜಗತ್ತಿನ ಜೀರಿಗೆಯ ದೊಡ್ಡ ಪಾಲು ಗುಜರಾತ್ ಮತ್ತು ರಾಜಸ್ಥಾನದ ಒಣ ಹೊಲಗಳಿಂದ ಬರುತ್ತದೆ, ಗುಜರಾತಿನ ಊಂಝಾ ಅದರ ದೊಡ್ಡ ಮಾರುಕಟ್ಟೆ. ಸಿರಿಯಾ, ಟರ್ಕಿ, ಇರಾನ್‌ಗಳಲ್ಲೂ ಬೆಳೆಯುತ್ತಾರೆ. ಎಲ್ಲಿಯದಾದರೂ ಸರಿ, ಕೊಳ್ಳುವಾಗ ಎರಡು ಕಾಳು ತೆಗೆದು ಬೆರಳ ನಡುವೆ ತಿಕ್ಕಿ ಮೂಸಿ ನೋಡಿ. ಘಮ ತಾನಾಗಿ ಬರಬೇಕು, ಹುಡುಕುವಂತಿರಬಾರದು.

ಈಗ ನನಗೆ ತುಂಬ ಇಷ್ಟವಾದ ಒಂದು ಬಟ್ಟಲು, ಟುನೀಶಿಯಾದ ಲಬ್ಲಾಬಿ. ರಾತ್ರಿ ನೆನೆಸಿದ ಕಾಬೂಲಿ ಕಡಲೆಯನ್ನು ಬೆಳ್ಳುಳ್ಳಿಯ ಜೊತೆ ಬೇಯಿಸಿ. ಬೆಂದ ನೀರು ಚೆಲ್ಲಬೇಡಿ, ಅದೇ ಸಾರು. ಕಡಲೆ ಮೆತ್ತಗಾದಾಗ ಒಂದು ಚಮಚ ಜೀರಿಗೆ ಪುಡಿ ಹಾಕಿ ಇನ್ನೂ ಹತ್ತು ನಿಮಿಷ ಕುದಿಸಿ. ಹಳೆಯ ಗಟ್ಟಿ ಬ್ರೆಡ್ಡನ್ನು ಕೈಯಲ್ಲಿ ಮುರಿದು ಬಟ್ಟಲಿಗೆ ಹಾಕಿ, ಮೇಲೆ ಕಡಲೆ ಮತ್ತು ಬಿಸಿ ಸಾರು ಸುರಿಯಿರಿ. ಹರಿಸ್ಸಾ ಅನ್ನುವ ಕೆಂಪು ಖಾರದ ಗೊಜ್ಜು ಒಂದು ಚಮಚ, ನಿಂಬೆರಸ, ಅರೆಬೆಂದ ಮೊಟ್ಟೆ, ಧಾರಾಳವಾಗಿ ಆಲಿವ್ ಎಣ್ಣೆ. ಹರಿಸ್ಸಾ ಸಿಗದಿದ್ದರೆ ಒಣಮೆಣಸು, ಬೆಳ್ಳುಳ್ಳಿ, ಉಪ್ಪು ಅರೆದು ಎಣ್ಣೆಯಲ್ಲಿ ಕಲಸಿಕೊಳ್ಳಿ, ನಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಈಗ ತಾನೇ ಕುಟ್ಟಿದ ಹಸಿ ಜೀರಿಗೆ, ಒಂದು ದೊಡ್ಡ ಚಿಟಿಕೆ. ಒಳಗೆ ಕುದಿದ ಜೀರಿಗೆ ಒಂದು, ಮೇಲೆ ಬಿದ್ದದ್ದು ಇನ್ನೊಂದು. ಎರಡು ಚಮಚ ಹಿಡಿದು ತಳದಿಂದ ಚೆನ್ನಾಗಿ ಕಲಸಿ. ಬ್ರೆಡ್ ಸಾರನ್ನೆಲ್ಲ ಹೀರಿ ಮುದ್ದೆಯಾಗುವ ಮುಂಚೆ ತಿಂದುಬಿಡಿ.